ಪತ್ರ ಬಂತು, ಓದುವವರು ಯಾರು?



ಓದು ಬರುವುದಕ್ಕೆ ಮೊದಲು ಮನೆಗೆ ಪತ್ರ ಬಂದರೆ ಏನು ಮಾಡುತ್ತಿದ್ದಿರಿ? ಓದು ಬಲ್ಲವರ ಮನೆಗೆ ಅದನ್ನು ಒಯ್ಯುತ್ತಿದ್ದಿರಿ. ಅವರು ಊರಲ್ಲಿ ಇಲ್ಲದಿದ್ದರೆ ಪತ್ರ ಮಾಡದಲ್ಲೇ ಉಳಿಯುತ್ತಿತ್ತು. ಒಳ್ಳೆಯ ಸುದ್ದಿ ಇರಲಿ, ಕೆಟ್ಟ ಸುದ್ದಿ ಇರಲಿ, ಓದುವ ತನಕ ಅದು ಬರೀ ಕಾಗದ. ಹೌದಲ್ಲ?

ನಮ್ಮ ಮೈಯೊಳಗೂ ಹೀಗೇ ಪತ್ರಗಳು ಓಡಾಡುತ್ತವೆ. ಅವಕ್ಕೆ ಹಾರ್ಮೋನು ಎಂದು ಹೆಸರು. ಮುಟ್ಟಾಗುವುದು, ಬಸಿರು ನಿಲ್ಲುವುದು, ಎಲುಬು ಗಟ್ಟಿ ಇರುವುದು, ಗಾಯದ ಬಾವು ಇಳಿಯುವುದು, ಹೀಗೆ ಎಷ್ಟೋ ಕೆಲಸ ಇವುಗಳಿಂದ ನಡೆಯುತ್ತವೆ. ಆದರೆ ಪತ್ರ ತಾನೇ ಎದ್ದು ಕೆಲಸ ಮಾಡುವುದಿಲ್ಲ. ಓದುವವರು ಬೇಕು. ಓದಿದ್ದನ್ನು ಮಾಡಿ ಮುಗಿಸುವವರೂ ಬೇಕು. ಅವರ ವಿಷಯ ತಿಳಿಯೋಣ.

ಇದೆಲ್ಲ ಡಾಕ್ಟರರಿಗೆ ಬೇಕಾದದ್ದು, ನಮಗೆ ಯಾಕೆ ಅನ್ನಬೇಡಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕಲಿಕಾ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆಗಳು ಇವು:

"ಗುಳಿಗಿ ನುಂಗಿದ್ರ ಬಸರು ಯಾಕ ನಿಲ್ಲೂದಿಲ್ರಿ ಅಕ್ಕೋರ?"

"ಎದಿಯಾಗಿನ ಗಡ್ಡಿ ತಗದಾರ. ಮತ್ತ ಐದು ವರ್ಷ ಗುಳಿಗಿ ಯಾಕ್ರಿ?"

"ಒಬ್ರು ಕೊಟ್ಟ ಸಣ್ಣ ಗುಳಿಗಿಗೆ ಮೊಣಕಾಲ ನೋವು ಒಂದ ದಿನಕ್ಕ ಹೋತು. ಇನ್ನೊಬ್ಬ ಡಾಕ್ಟರು ಅದನ್ನ ನುಂಗಬ್ಯಾಡ ಅಂತಾರ. ಯಾರ ಮಾತು ಕೇಳೂದು?"

ಮೂರು ಪ್ರಶ್ನೆಗೂ ಉತ್ತರದ ಬೇರು ಒಂದೇ ಕಡೆ ಇದೆ.

ಪತ್ರ ಬರೆಯುವವರು

ಗರ್ಭಚೀಲದ ಎಡಕ್ಕೆ ಒಂದು, ಬಲಕ್ಕೆ ಒಂದು ಅಂಡಾಶಯ ಇರುತ್ತದೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ತಯಾರಿಸುವುದು ಅಂಡಾಶಯ. ಎರಡು ಕಿಡ್ನಿಗಳ ಮೇಲೆ ಟೋಪಿ ಇಟ್ಟಂತೆ ಎರಡು ಸಣ್ಣ ಗ್ರಂಥಿಗಳಿವೆ. ಅವಕ್ಕೆ ಅಡ್ರಿನಲ್ ಗ್ರಂಥಿ ಎನ್ನುತ್ತಾರೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಗಂಡಸರಲ್ಲಿ ಮೀಸೆ ಬರಿಸುವ, ದನಿ ಒಡೆಸುವ ಹಾರ್ಮೋನಿನ ಹೆಸರು ಟೆಸ್ಟೋಸ್ಟಿರಾನ್. ಇವೆಲ್ಲ ಒಂದೇ ಮನೆತನದವು. ಮನೆತನದ ಹೆಸರು ಸ್ಟಿರಾಯ್ಡ್.

ಈ ಎಲ್ಲವೂ ಕೊಲೆಸ್ಟ್ರಾಲ್ ಎಂಬ ಕೊಬ್ಬಿನಂಥ ವಸ್ತುವಿನಿಂದ ತಯಾರಾಗುತ್ತವೆ. ಕೊಲೆಸ್ಟ್ರಾಲ್ ಅಂದರೆ ಹೃದಯಕ್ಕೆ ಕೆಟ್ಟದ್ದು ಅಂತ ಕೇಳಿದ್ದೀರಿ. ಅತಿಯಾದರೆ ಕೆಟ್ಟದ್ದು ನಿಜ. ಆದರೆ ಅದಿಲ್ಲದಿದ್ದರೆ ಈ ಪತ್ರಗಳಿಗೆ ಕಾಗದವೇ ಇಲ್ಲ!

ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಒಂದೊಂದು ಜೀವಕೋಶವೂ ಒಂದೊಂದು ಸಣ್ಣ ಮನೆ ಇದ್ದಂತೆ. ಈ ಮನೆಯ ಗೋಡೆ ಜಿಡ್ಡಿನಿಂದ ಆದದ್ದು. ಜಿಡ್ಡು ಜಿಡ್ಡಿನೊಳಗೆ ಬೆರೆಯುತ್ತದೆ, ನೀರು ಬೆರೆಯುವುದಿಲ್ಲ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದನ್ನು ದಿನಾ ನೋಡುತ್ತೇವೆ. ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಇನ್ಸುಲಿನ್ ಕೂಡ ಒಂದು ಹಾರ್ಮೋನು. ಅದಕ್ಕೆ ಜಿಡ್ಡಿನ ಗೋಡೆ ದಾಟಲು ಆಗುವುದಿಲ್ಲ. ಬಾಗಿಲಲ್ಲೇ ನಿಂತು ಸುದ್ದಿ ಹೇಳುತ್ತದೆ. ಸ್ಟಿರಾಯ್ಡ್ ಹಾಗಲ್ಲ. ಗೋಡೆ ದಾಟಿ ಮನೆಯೊಳಗೇ ಬರುತ್ತದೆ. ಮೈಯ ಯಾವ ಮನೆಯೂ ಅದಕ್ಕೆ ಪೂರ್ತಿ ಮುಚ್ಚಿಲ್ಲ. ಈ ಮಾತು ನೆನಪಿಡಿ. ಮೊಣಕಾಲಿನ ಗುಳಿಗೆಯ ವಿಷಯ ಬಂದಾಗ ಬೇಕಾಗುತ್ತದೆ.

ಓದುವವಳು

ಪತ್ರ ಎಲ್ಲ ಮನೆಗೂ ಹೋಗುತ್ತದೆ. ಆದರೆ ಎಲ್ಲ ಮನೆಯಲ್ಲೂ ಅದನ್ನು ಓದುವವರು ಇರುವುದಿಲ್ಲ. ಜೀವಕೋಶದೊಳಗೆ ಹಾರ್ಮೋನನ್ನು ಹಿಡಿದು ಓದುವ ಒಂದು ಪ್ರೋಟೀನು ಇರುತ್ತದೆ. ಅದನ್ನು ಗ್ರಾಹಿ ಎನ್ನುತ್ತೇವೆ. ಡಾಕ್ಟರರ ಬಾಯಲ್ಲಿ ರಿಸೆಪ್ಟರ್. ಈಸ್ಟ್ರೋಜನ್ ಓದುವ ಗ್ರಾಹಿ ಬೇರೆ, ಕಾರ್ಟಿಸಾಲ್ ಓದುವ ಗ್ರಾಹಿ ಬೇರೆ. ಒಂದೊಂದು ಗ್ರಾಹಿಗೂ ತನ್ನದೇ ಲಿಪಿ.

ಪ್ರೋಟೀನು ಅಂದರೆ ಬೇಳೆ, ಹಾಲು, ಮೊಟ್ಟೆಯಲ್ಲಿ ಇರುವುದು ಅಂತ ಗೊತ್ತು. ಅದು ಬರೀ ತಿನ್ನುವ ವಸ್ತು ಅಲ್ಲ. ಮೈಯೊಳಗೆ ಕೆಲಸ ಮಾಡುವ ಆಳುಗಳು, ಕಾವಲುಗಾರರು, ಓದುವವರು, ಎಲ್ಲರೂ ಹೆಚ್ಚು ಕಡಿಮೆ ಪ್ರೋಟೀನುಗಳೇ.

ಗ್ರಾಹಿ ಇದೆ ಅಂತ ಹೇಗೆ ಗೊತ್ತಾಯಿತು? 1958ರ ಸುಮಾರಿಗೆ ಅಮೆರಿಕದ ಶಿಕಾಗೋ ಊರಿನಲ್ಲಿ ಎಲ್ವುಡ್ ಜೆನ್ಸನ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಈಸ್ಟ್ರೋಜನ್ನಿಗೆ ಒಂದು ಗುರುತು ಹಚ್ಚಿ ಇಲಿಗಳ ಮೈಯೊಳಗೆ ಬಿಟ್ಟರು. ಕುರಿಗೆ ಬಣ್ಣ ಹಚ್ಚಿ ಹಿಂಡಿನೊಳಗೆ ಬಿಡುತ್ತೇವಲ್ಲ, ಹಾಗೆ. ಆಮೇಲೆ ಅದು ಎಲ್ಲಿ ಉಳಿಯಿತು ಅಂತ ಹುಡುಕಿದರು. ರಕ್ತದಲ್ಲಿ, ಮಾಂಸಖಂಡದಲ್ಲಿ ಅದು ಬಂದು ಹಾಗೇ ಹೊರಟುಹೋಗಿತ್ತು. ಗರ್ಭಚೀಲದಲ್ಲಿ ಮಾತ್ರ ತಾಸುಗಟ್ಟಲೆ ನಿಂತಿತ್ತು. ಅಲ್ಲಿ ಅದನ್ನು ಹಿಡಿದುಕೊಂಡವರು ಯಾರೋ ಇದ್ದಾರೆ ಎಂದು ಅವರಿಗೆ ತಿಳಿಯಿತು. ಅದೇ ಗ್ರಾಹಿ. ಅಲ್ಲಿಯವರೆಗೆ ಹಾರ್ಮೋನೇ ಕೆಲಸ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದರು.

ಗ್ರಾಹಿಯ ಜೊತೆಗಾತಿಯರು

ಗ್ರಾಹಿ ಎಂದೂ ಒಂಟಿಯಲ್ಲ. ಪತ್ರ ಬರುವ ಮೊದಲೂ ಅವಳಿಗೆ ಜೊತೆ ಇರುತ್ತದೆ, ಪತ್ರ ಬಂದ ಮೇಲೂ ಇರುತ್ತದೆ. ಆದರೆ ಜೊತೆಗಾತಿಯರು ಬೇರೆ ಬೇರೆ.

ಮೊದಲಿನ ಜೊತೆಗಾತಿಗೆ ಎಚ್.ಎಸ್.ಪಿ. 90 ಎಂದು ಹೆಸರು. ಹೆಸರು ಒರಟಾಗಿದೆ, ಕೆಲಸ ಮೃದು. ಬಿಸಿ ತಾಗಿದಾಗ ಜೀವಕೋಶಗಳು ಹೆಚ್ಚು ಹೆಚ್ಚು ತಯಾರಿಸುವ ಪ್ರೋಟೀನುಗಳ ಗುಂಪಿಗೆ ಇವಳು ಸೇರಿದವಳು. ಬಿಸಿಗೆ ಜೀವಕೋಶಗಳು ಹೀಗೆ ಎಚ್ಚೆತ್ತುಕೊಳ್ಳುವುದನ್ನು 1962ರಲ್ಲಿ ಇಟಲಿಯ ರಿತೋಸಾ ಎಂಬ ವಿಜ್ಞಾನಿ ಹಣ್ಣಿನ ನೊಣಗಳಲ್ಲಿ ಮೊದಲು ಕಂಡರು. ಬಿಸಿ ಹೆಚ್ಚಾದರೆ ಪ್ರೋಟೀನು ಮುದುಡಿ ಕೆಡುತ್ತದೆ. ಮೊಟ್ಟೆ ಬೇಯಿಸಿದರೆ ನೀರಿನಂಥ ಬಿಳಿ ಭಾಗ ಗಟ್ಟಿಯಾಗುತ್ತದಲ್ಲ, ಅದೇ. ಹಾಗೆ ಕೆಡದಂತೆ ಇಂಥ ಜೊತೆಗಾತಿಯರು ಕಾಯುತ್ತಾರೆ. ಮುಂಡರಗಿ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ನಿಂತವರಿಗೆ ಇವರ ಉಪಕಾರ ಎಷ್ಟಿರಬಹುದು ಯೋಚಿಸಿ.

ಬಿಸಿಲು ಇಲ್ಲದ ದಿನವೂ ಎಚ್.ಎಸ್.ಪಿ. 90ಕ್ಕೆ ಕೈತುಂಬ ಕೆಲಸ. ಪತ್ರ ಬರುವ ತನಕ ಅವಳು ಗ್ರಾಹಿಯನ್ನು ಹಿಡಿದುಕೊಂಡಿರುತ್ತಾಳೆ. ಎರಡು ಲಾಭ. ಗ್ರಾಹಿ ಮುದುಡದೆ, ಪತ್ರ ಹಿಡಿಯುವ ಕೈ ಚಾಚಿಕೊಂಡು ಸಿದ್ಧ ಇರುತ್ತದೆ. ಪತ್ರ ಇಲ್ಲದೆ ಸುಮ್ಮನೆ ಕೆಲಸ ಶುರು ಮಾಡುವುದೂ ಇಲ್ಲ. ಹಾರ್ಮೋನು ಬಂದು ಗ್ರಾಹಿಯ ಕೈ ಸೇರಿದ ಕೂಡಲೆ ಈ ಹಿಡಿತ ಬದಲಾಗುತ್ತದೆ. ಗ್ರಾಹಿ ಜೀವಕೋಶದ ನಡುಮನೆಗೆ ಹೋಗುತ್ತದೆ. ಈಸ್ಟ್ರೋಜನ್ ಗ್ರಾಹಿಯಂಥವು ಹೆಚ್ಚಾಗಿ ಮೊದಲೇ ಅಲ್ಲಿ ಕುಳಿತಿರುತ್ತವೆ.

ಆ ನಡುಮನೆಯಲ್ಲಿ ಏನಿದೆ? ಅಲ್ಲಿ ಡಿ.ಎನ್.ಎ. ಎಂಬ ಬಹಳ ಉದ್ದದ ಎಳೆ ಇದೆ. ಮೈಗೆ ಬೇಕಾದ ಎಲ್ಲ ಪ್ರೋಟೀನುಗಳನ್ನು ಹೇಗೆ ಮಾಡಬೇಕು ಎಂಬ ಬರಹ ಆ ಎಳೆಯ ಮೇಲೆ ಇದೆ. ಆ ಬರಹದ ಒಂದೊಂದು ಪಾಠವೂ ಒಂದೊಂದು ಜೀನು. ಎಳೆ ಬಿಡಿಯಾಗಿ ಬಿದ್ದಿರುವುದಿಲ್ಲ, ಸುತ್ತಿ ಇಟ್ಟಿರುತ್ತದೆ. ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಹೇಳುವುದೇ ಬೇಡ. ಕಂಡಿಕೆಗೆ ಸುತ್ತಿದ ನೂಲು ಬಿಗಿಯಾಗಿದ್ದರೆ ಮಗ್ಗಕ್ಕೆ ಬರುವುದಿಲ್ಲ, ಸಡಿಲ ಆಗಬೇಕು. ಇಲ್ಲೂ ಹಾಗೇ. ಬಿಗಿಯಾಗಿ ಸುತ್ತಿದ ಕಡೆಯ ಪಾಠವನ್ನು ಓದಲು ಆಗುವುದಿಲ್ಲ.

ಗ್ರಾಹಿಗಳು ಜೋಡಿಯಾಗಿ ಆ ಎಳೆಯ ಮೇಲೆ ತಮ್ಮ ಜಾಗ ಹುಡುಕಿ ಕೂಡುತ್ತವೆ. ಕುಳಿತು, ಎರಡನೆಯ ಗುಂಪಿನ ಜೊತೆಗಾತಿಯರನ್ನು ಕರೆಯುತ್ತವೆ. ಇವರಲ್ಲಿ ಕೆಲವರು ಎಳೆ ಸಡಿಲಿಸುತ್ತಾರೆ. ಆಗ ಆ ಜೀನಿನ ಕೆಲಸ ಶುರುವಾಗುತ್ತದೆ, ಹೊಸ ಪ್ರೋಟೀನು ತಯಾರಾಗುತ್ತದೆ. ಇವರು ಕೆಲಸ ಹಚ್ಚುವವರು. ಇನ್ನು ಕೆಲವರು ಎಳೆ ಬಿಗಿಯುತ್ತಾರೆ. ಆಗ ಕೆಲಸ ನಿಲ್ಲುತ್ತದೆ. ಇವರು ಕೆಲಸ ತಡೆಯುವವರು. ಹಚ್ಚುವವರಲ್ಲಿ ಒಬ್ಬರನ್ನು 1995ರಲ್ಲಿ ಅಮೆರಿಕದ ಹ್ಯೂಸ್ಟನ್ ಊರಿನಲ್ಲಿ ಬರ್ಟ್ ಓಮ್ಯಾಲಿ ಎಂಬ ವಿಜ್ಞಾನಿಯ ತಂಡ ಗುರುತಿಸಿತು. ಈಗ ಇಂಥವರು ನೂರಾರು ಗೊತ್ತಾಗಿದ್ದಾರೆ.

ಒಂದು ಮುಖ್ಯ ಮಾತು. ಪತ್ರ ಒಂದೇ, ಗ್ರಾಹಿ ಒಂದೇ ಇದ್ದರೂ ಜೊತೆಗಾತಿಯರು ಮನೆಯಿಂದ ಮನೆಗೆ ಬೇರೆ. ಎದೆಯಲ್ಲಿ ಇರುವವರು ಬೇರೆ, ಎಲುಬಿನಲ್ಲಿ ಇರುವವರು ಬೇರೆ. ಆದ್ದರಿಂದ ಒಂದೇ ಪತ್ರಕ್ಕೆ ಒಂದು ಕಡೆ ಕೆಲಸ ಶುರುವಾಗಬಹುದು, ಇನ್ನೊಂದು ಕಡೆ ನಿಲ್ಲಬಹುದು.

ತಿಂಗಳ ಲೆಕ್ಕ

ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಕಳಿಸುತ್ತದೆ. ಗರ್ಭಚೀಲದ ಒಳಪದರ ಅದನ್ನು ಓದಿ ದಪ್ಪ ಆಗುತ್ತದೆ. ಈ ಪತ್ರದಲ್ಲಿ ಇನ್ನೊಂದು ಸಾಲು ಇರುತ್ತದೆ: ಪ್ರೊಜೆಸ್ಟರಾನ್ ಓದುವವರನ್ನು ತಯಾರು ಮಾಡಿರಿ ಅಂತ. ಅಂದರೆ ಎರಡನೆಯ ಪತ್ರ ಓದುವ ಗ್ರಾಹಿಗಳನ್ನು ಮೊದಲನೆಯ ಪತ್ರವೇ ಮಾಡಿಸುತ್ತದೆ. ಎಂಥ ವ್ಯವಸ್ಥೆ ನೋಡ್ರಿ!

ತಿಂಗಳ ನಡುವೆ ಅಂಡ ಬಿಡುಗಡೆ ಆಗುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಬರುತ್ತದೆ. ಒಳಪದರವನ್ನು ಕೂಸಿಗೆ ಹಾಸಿಗೆ ಆಗುವಂತೆ ಹದ ಮಾಡುತ್ತದೆ. ಬಸಿರು ನಿಲ್ಲದಿದ್ದರೆ ಎರಡೂ ಪತ್ರ ಕಡಿಮೆ ಆಗುತ್ತವೆ. ಪದರ ಕಳಚಿ ಹೊರಗೆ ಬರುತ್ತದೆ. ಅದೇ ಮುಟ್ಟು. ಅದು ಮೈಲಿಗೆಯೂ ಅಲ್ಲ, ಕೆಟ್ಟ ರಕ್ತವೂ ಅಲ್ಲ.

ಮಾಲಾ-ಎನ್ ಗುಳಿಗೆಯಲ್ಲಿ ಈ ಎರಡು ಹಾರ್ಮೋನುಗಳ ಥರದ ವಸ್ತುಗಳು ಇವೆ. ಒಂದು ಪಟ್ಟಿಯಲ್ಲಿ 28 ಗುಳಿಗೆ. 21ರಲ್ಲಿ ಹಾರ್ಮೋನು, ಉಳಿದ 7ರಲ್ಲಿ ಕಬ್ಬಿಣದ ಅಂಶ. ಮಿದುಳಿನಲ್ಲೂ ಗ್ರಾಹಿಗಳಿವೆ. ಗುಳಿಗೆಯ ಪತ್ರ ಓದಿ ಮಿದುಳು 'ಅಂಡಾಶಯದ ಕೆಲಸ ಆಗಲೇ ನಡೆದಿದೆ' ಅಂತ ತಿಳಿಯುತ್ತದೆ. ಅಂಡ ಬಿಡು ಎಂಬ ಅಪ್ಪಣೆ ಕಳಿಸುವುದಿಲ್ಲ. ಅಂಡ ಇಲ್ಲ, ಬಸಿರು ಇಲ್ಲ. ಗುಳಿಗೆ ಮರೆತರೆ? ಪತ್ರ ನಿಂತಿತು. ಮಿದುಳು ಮತ್ತೆ ಅಪ್ಪಣೆ ಕಳಿಸಬಹುದು. ಅದಕ್ಕೇ ದಿನಾ ನುಂಗಬೇಕು ಅನ್ನುವುದು.

ನಮ್ಮ ದೇಶದಲ್ಲೇ ಕಂಡುಹಿಡಿದ ಗುಳಿಗೆ ಒಂದಿದೆ. ಅದರ ದಾರಿ ಬೇರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ತಯಾರಿಸಿದ್ದು. 1991ರಲ್ಲಿ 'ಸಹೇಲಿ' ಎಂಬ ಹೆಸರಿನಿಂದ ಬಂತು. 2016ರಿಂದ ಸರಕಾರದ ಕುಟುಂಬ ಯೋಜನೆಯಲ್ಲಿ 'ಛಾಯಾ' ಎಂಬ ಹೆಸರಿನಿಂದ ಸೇರಿದೆ. ಇದರಲ್ಲಿ ಹಾರ್ಮೋನು ಇಲ್ಲ. ಇದು ಗರ್ಭಚೀಲದಲ್ಲಿ ಈಸ್ಟ್ರೋಜನ್ ಗ್ರಾಹಿಯ ಕೈಯನ್ನು ತಾನೇ ಹಿಡಿದು ಕೂಡುತ್ತದೆ. ನಿಜವಾದ ಪತ್ರ ಬಂದರೂ ಹಿಡಿಯಲು ಕೈ ಖಾಲಿ ಇಲ್ಲ. ಒಳಪದರ ಬಸಿರು ಕೂಡುವ ಹದಕ್ಕೆ ಬರುವುದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು ಗುಳಿಗೆ. ಮೊಲೆ ಉಣಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಕೆಲವರಿಗೆ ಮುಟ್ಟು ಮುಂದಕ್ಕೆ ಹೋಗುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ, ಆದ್ದರಿಂದ ಮೊದಲ ಸಲ ದವಾಖಾನೆಯಲ್ಲಿ ತೋರಿಸಿಯೇ ಶುರು ಮಾಡಬೇಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಮೂವತ್ತು, ಮೂವತ್ತೈದಕ್ಕೇ ಗರ್ಭಚೀಲ ತೆಗೆಸಿಕೊಂಡವರು ಇದ್ದಾರೆ. ಬಿಳಿ ಸೆರಗು, ಸೊಂಟನೋವು ಅಂತ ಹೋದರೆ 'ಚೀಲ ತಗಸಿಬಿಡ್ರಿ, ಮಕ್ಕಳಾಗ್ಯಾವಲ್ಲ' ಅಂದುಬಿಡುವವರೂ ಇದ್ದಾರೆ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಂತುಹೋಗುತ್ತದೆ. ಎಲುಬಿನಲ್ಲಿ ಗ್ರಾಹಿಗಳು ಕಾದು ಕುಳಿತಿರುತ್ತವೆ, ಪತ್ರವೇ ಬರುವುದಿಲ್ಲ. ಎಲುಬು ಬೇಗ ಸವೆಯುತ್ತದೆ. ಮೈ ಬಿಸಿಯಾಗಿ ಬೆವರುತ್ತದೆ, ನಿದ್ದೆ ಬರುವುದಿಲ್ಲ. ಆದ್ದರಿಂದ ಆಪರೇಷನ್ ಅಂದರೆ ಕೇಳಿ: ಯಾಕೆ ಬೇಕು? ಬೇರೆ ಉಪಾಯ ಇಲ್ಲವೇ? ಅಂಡಾಶಯ ಉಳಿಸುತ್ತೀರಾ? ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಕೇಳಿದರೆ ಸಿಟ್ಟಾಗುವವರು ಆಗಲಿ ಬಿಡಿ.

ಎದೆಯ ಗಡ್ಡೆ, ಐದು ವರ್ಷದ ಗುಳಿಗೆ

ಮೊಲೆಯಲ್ಲಿ ಕ್ಯಾನ್ಸರ್ ಗಡ್ಡೆ ಆದಾಗ ಅದರ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ನೋಡುವುದು ಮೊದಲ ಕೆಲಸ. ಆಮೇಲೆ ಗಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಿ ಇದೆಯೇ, ಪ್ರೊಜೆಸ್ಟರಾನ್ ಗ್ರಾಹಿ ಇದೆಯೇ ಎಂದೂ ನೋಡುತ್ತಾರೆ. ವರದಿಯಲ್ಲಿ ಇ.ಆರ್., ಪಿ.ಆರ್. ಎಂದು ಬರೆದಿರುತ್ತದೆ. ಪಾಸಿಟಿವ್ ಅಂದರೆ ಗ್ರಾಹಿ ಇದೆ. ನೆಗೆಟಿವ್ ಅಂದರೆ ಇಲ್ಲ. ಬೆಂಗಳೂರಿನ ಕಿದ್ವಾಯಿಗೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯವರು ಹೋಗುತ್ತಾರೆ. ಹೋದವರು ಈ ಎರಡು ಅಕ್ಷರಗಳ ವಿಷಯ ಕೇಳಿ ತಿಳಿದುಕೊಳ್ಳಬೇಕು. ವರದಿಯ ಕಾಗದ ಕಳೆಯಬಾರದು.

ಗ್ರಾಹಿ ಇರುವ ಗಡ್ಡೆಗೆ ಈಸ್ಟ್ರೋಜನ್ ಪತ್ರವೇ ಗೊಬ್ಬರ. ಓದಿದಷ್ಟೂ ಬೆಳೆಯುತ್ತದೆ. ಅದನ್ನು ತಡೆಯಲು ಟ್ಯಾಮೊಕ್ಸಿಫೆನ್ ಎಂಬ ಗುಳಿಗೆ ಇದೆ. ಇದನ್ನು 1962ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ತಯಾರಿಸಿದವರು ಡೋರಾ ರಿಚರ್ಡ್‌ಸನ್ ಎಂಬ ಹೆಣ್ಣುಮಗಳು, ರಸಾಯನ ವಿಜ್ಞಾನಿ. ಆಗ ಅವರ ಕಂಪನಿ ಹುಡುಕುತ್ತಿದ್ದದ್ದು ಬಸಿರು ತಡೆಯುವ ಗುಳಿಗೆಯನ್ನು. ಆ ಕೆಲಸಕ್ಕೆ ಇದು ಬರಲಿಲ್ಲ. ಕ್ಯಾನ್ಸರಿಗೆ ಬಂತು.

ಟ್ಯಾಮೊಕ್ಸಿಫೆನ್ ಸಹ ಛಾಯಾ ಹಾಗೆ ಗ್ರಾಹಿಯ ಕೈ ಹಿಡಿದು ಕೂಡುತ್ತದೆ. ಅದು ಕುಳಿತಾಗ ಗ್ರಾಹಿಯ ಆಕಾರ ಬದಲಾಗುತ್ತದೆ. ಎದೆಯಲ್ಲಿ ಕೆಲಸ ಹಚ್ಚುವ ಜೊತೆಗಾತಿಯರಿಗೆ ಹತ್ತಿರ ಬರಲು ಆಗುವುದಿಲ್ಲ, ತಡೆಯುವವರು ಬರುತ್ತಾರೆ. ಗಡ್ಡೆಯ ಜೀವಕೋಶ ಬೆಳೆಯುವುದು ನಿಲ್ಲುತ್ತದೆ. ಎಲುಬಿನಲ್ಲಿ ಇದೇ ಗುಳಿಗೆ ಬೇರೆ ನಡೆಯುತ್ತದೆ. ಮುಟ್ಟು ನಿಂತವರಲ್ಲಿ ಅದು ಈಸ್ಟ್ರೋಜನ್ ಹಾಗೆ ಎಲುಬನ್ನು ಕಾಯುತ್ತದೆ. ಗರ್ಭಚೀಲದಲ್ಲಿ? ಅಲ್ಲಿಯೂ ಈಸ್ಟ್ರೋಜನ್ ಹಾಗೆ ಒಳಪದರವನ್ನು ಬೆಳೆಸಬಹುದು. ಗುಳಿಗೆ ಒಂದು, ಗ್ರಾಹಿ ಒಂದು, ಫಲ ಬೇರೆ. ಜೊತೆಗಾತಿಯರು ಬೇರೆ ಆದದ್ದೇ ಕಾರಣ. ಅದಕ್ಕೇ ಈ ಗುಳಿಗೆ ತೆಗೆದುಕೊಳ್ಳುವವರಿಗೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಒಂದು ಹನಿ ಕಂಡರೂ ಹೇಳಬೇಕು.

ಐದು ವರ್ಷ ಯಾಕೆ? ಗಡ್ಡೆ ತೆಗೆದರೂ ಕಣ್ಣಿಗೆ ಕಾಣದ ಕೆಲವು ಜೀವಕೋಶಗಳು ಮೈಯಲ್ಲಿ ಎಲ್ಲೋ ಉಳಿದಿರಬಹುದು. ಅವು ಪತ್ರಕ್ಕೆ ಕಾಯುತ್ತಿರುತ್ತವೆ. ದಿನಾ ಗುಳಿಗೆ ಇದ್ದರೆ ಅವಕ್ಕೆ ಪತ್ರ ಸಿಗುವುದಿಲ್ಲ. ಗ್ರಾಹಿ ಇರುವ ಗಡ್ಡೆಯವರು ಐದು ವರ್ಷ ಟ್ಯಾಮೊಕ್ಸಿಫೆನ್ ತೆಗೆದುಕೊಂಡರೆ ಈ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ. ಕೆಲವರಿಗೆ ಹತ್ತು ವರ್ಷವೂ ಕೊಡುತ್ತಾರೆ. 'ಈಗ ಆರಾಮ ಇದೀನಲ್ಲ' ಅಂತ ಎರಡನೇ ವರ್ಷಕ್ಕೆ ಬಿಟ್ಟವರನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ದುಡ್ಡಿನ ಮಾತು ಬಂದಾಗ ಮೊದಲು ನಿಲ್ಲುವುದು ಹೆಣ್ಣುಮಗಳ ಗುಳಿಗೆ. ಇದು ನಿಲ್ಲಿಸುವ ಗುಳಿಗೆ ಅಲ್ಲ. ಇ.ಆರ್., ಪಿ.ಆರ್. ಎರಡೂ ನೆಗೆಟಿವ್ ಇದ್ದವರಿಗೆ ಇದು ಉಪಯೋಗ ಇಲ್ಲ. ಓದುವವಳೇ ಇಲ್ಲದ ಮನೆಯಲ್ಲಿ ಪತ್ರ ತಡೆದು ಏನು ಬಂತು? ಅವರಿಗೆ ಬೇರೆ ಔಷಧ ಕೊಡುತ್ತಾರೆ.

ಮೊಣಕಾಲಿನ ಸಣ್ಣ ಗುಳಿಗೆ

ಈಗ ಮೂರನೆಯ ಪ್ರಶ್ನೆ. ಶೇಂಗಾ ಕೀಳುವುದು, ಮೆಣಸಿನಕಾಯಿ ಬಿಡಿಸುವುದು, ಉಳ್ಳಾಗಡ್ಡಿ ಆರಿಸುವುದು, ಎಲ್ಲಾ ಕುಕ್ಕರುಗಾಲಲ್ಲೇ. ಸಂದು ನೋಯದೆ ಏನಾಗುತ್ತದೆ?

1948ರಲ್ಲಿ ಅಮೆರಿಕದ ಮೇಯೋ ಆಸ್ಪತ್ರೆಯಲ್ಲಿ ಸಂಧಿವಾತದ ಒಬ್ಬ ಹೆಣ್ಣುಮಗಳು ಇದ್ದಳು. ವಯಸ್ಸು ಇಪ್ಪತ್ತೊಂಬತ್ತು. ಸಂದು ಸಂದು ಬಾತು ಏಳಲು ಆಗುತ್ತಿರಲಿಲ್ಲ. ಡಾಕ್ಟರ್ ಫಿಲಿಪ್ ಹೆಂಚ್ ಅವಳಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಸೂಜಿ ಮಾಡಿದರು. ಕೆಲವೇ ದಿನಕ್ಕೆ ಅವಳು ಎದ್ದು ನಡೆದಳು. ಪೇಟೆಗೆ ಹೋಗಿ ಸಾಮಾನು ತಂದಳು! ಲೋಕವೆಲ್ಲ ಬೆರಗಾಯಿತು. 1950ರಲ್ಲಿ ಹೆಂಚ್ ಮತ್ತು ಅವರ ಜೊತೆ ಇನ್ನಿಬ್ಬರಿಗೆ ನೊಬೆಲ್ ಬಹುಮಾನ ಬಂತು. ಆದರೆ ಅಷ್ಟರಲ್ಲೇ ಡಾಕ್ಟರರು ಇನ್ನೊಂದು ಮುಖ ನೋಡುತ್ತಿದ್ದರು. ಔಷಧ ಮುಂದುವರಿಸಿದವರ ಮುಖ ಚಂದ್ರನ ಹಾಗೆ ಗುಂಡಗೆ ಊದುತ್ತಿತ್ತು. ಬಿಟ್ಟರೆ ನೋವು ಮರಳಿ ಬರುತ್ತಿತ್ತು.

ಯಾಕೆ ಹೀಗೆ? ಕಾರ್ಟಿಸಾಲ್ ಓದುವ ಗ್ರಾಹಿ ಮೈಯ ಬಹುತೇಕ ಎಲ್ಲ ಜೀವಕೋಶದಲ್ಲೂ ಇದೆ. ನೀವು ಮೊಣಕಾಲಿಗೆ ಅಂತ ನುಂಗುತ್ತೀರಿ. ಗುಳಿಗೆಗೆ ಮೊಣಕಾಲು ಯಾವುದು ಗೊತ್ತಿಲ್ಲ. ಅದು ಎಲ್ಲ ಮನೆಗೂ ಪತ್ರ ಹಂಚುತ್ತದೆ. ಮೊಣಕಾಲಿನ ಗ್ರಾಹಿ ಬಾವು ಮಾಡುವ ಜೀನುಗಳನ್ನು ತಡೆಯುತ್ತದೆ. ನೋವು ಇಳಿಯಿತು. ಅದೇ ಹೊತ್ತಿಗೆ ಯಕೃತ್ತು ಅದೇ ಪತ್ರ ಓದಿ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಎಲುಬು ಅದನ್ನು ಓದಿ ಸವೆಯುತ್ತದೆ. ಚರ್ಮ ತೆಳ್ಳಗಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಬಿ.ಪಿ. ಏರುತ್ತದೆ. ರೋಗದ ವಿರುದ್ಧ ಕಾದಾಡುವ ಜೀವಕೋಶಗಳು ಸುಮ್ಮನಾಗುತ್ತವೆ. ಒಳಗೆ ಅಡಗಿದ್ದ ಕ್ಷಯ ಮೇಲೇಳಬಹುದು. ಹಸಿವು ಹೆಚ್ಚಾಗಿ ಮೈ ತುಂಬಿಕೊಂಡಂತೆ ಕಾಣುತ್ತದೆ. 'ಆ ಡಾಕ್ಟರ್ ಗುಳಿಗಿ ಮೈ ಹಿಡೀತು' ಅನ್ನುತ್ತಾರೆ. ಅದು ಮೈ ಹಿಡಿದದ್ದಲ್ಲ.

ಇನ್ನೊಂದು ಅಪಾಯ ಇದೆ, ಅದು ಹೆಚ್ಚಿನದು. ಹೊರಗಿನಿಂದ ಪತ್ರ ಬರುತ್ತಲೇ ಇದ್ದರೆ ಮಿದುಳಿನ ಗ್ರಾಹಿ ಅದನ್ನು ಓದಿ, ಕಿಡ್ನಿ ಮೇಲಿನ ಗ್ರಂಥಿಗೆ 'ನೀನು ಬರೆಯುವುದು ಬೇಡ' ಎನ್ನುತ್ತದೆ. ಗ್ರಂಥಿ ನಿದ್ದೆಗೆ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಹೊರಗಿನ ಪತ್ರವೂ ಇಲ್ಲ, ಒಳಗಿನ ಪತ್ರವೂ ಇಲ್ಲ. ವಾಂತಿ, ಬಹಳ ಸುಸ್ತು, ಬಿ.ಪಿ. ಇಳಿದು ಎಚ್ಚರ ತಪ್ಪುವುದು, ಜೀವಕ್ಕೇ ಬರಬಹುದು. ಅದಕ್ಕೇ 'ಸ್ಟಿರಾಯ್ಡ್ ಕೆಟ್ಟದ್ದು' ಅಂತ ಈ ಪಾಠ ಓದಿ ಇವತ್ತೇ ಗುಳಿಗೆ ಬಿಸಾಡಬೇಡಿ. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಸ್ಟಿರಾಯ್ಡ್ ಜೀವ ಉಳಿಸುವುದೂ ಇದೆ. ದಮ್ಮಿನವರಿಗೆ ಅದು ಬೇಕು. ಒಂಬತ್ತು ತಿಂಗಳಿಗೆ ಬಹಳ ಮೊದಲೇ ಹೆರಿಗೆ ನೋವು ಬಂದರೆ ತಾಯಿಗೆ ಡೆಕ್ಸಾಮೆಥಾಸೋನ್ ಸೂಜಿ ಮಾಡುತ್ತಾರೆ. ಆ ಪತ್ರ ತಾಯಿಯಿಂದ ಕೂಸಿಗೆ ಹೋಗುತ್ತದೆ. ಕೂಸಿನ ಶ್ವಾಸಕೋಶದ ಗ್ರಾಹಿಗಳು ಅದನ್ನು ಓದಿ ಉಸಿರಾಟಕ್ಕೆ ಬೇಗ 'ತಯಾರಿ' ಮಾಡಿಸುತ್ತವೆ. ಇದರಿಂದ ಕೂಸು ಉಳಿಯುತ್ತದೆ ಎಂದು 1972ರಲ್ಲಿ ನ್ಯೂಜಿಲೆಂಡಿನ ಇಬ್ಬರು ಡಾಕ್ಟರರು ತೋರಿಸಿಕೊಟ್ಟರು. ಅಂಥ ಸೂಜಿ ಬೇಡ ಅನ್ನಬಾರದು. ಕೊರೋನಾ ಬಂದಾಗ ಇದೇ ಡೆಕ್ಸಾಮೆಥಾಸೋನ್ ಆಕ್ಸಿಜನ್ ಹಚ್ಚಿದವರ ಜೀವ ಉಳಿಸುತ್ತದೆ ಎಂದು 2020ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. 2021ರಲ್ಲಿ ನಮ್ಮ ದೇಶದಲ್ಲಿ ಬ್ಲ್ಯಾಕ್ ಫಂಗಸ್ ಹಬ್ಬಿತಲ್ಲ, ಅದು ಬಂದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆ ಇದ್ದವರಿಗೆ, ಸ್ಟಿರಾಯ್ಡ್ ತೆಗೆದುಕೊಂಡವರಿಗೆ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದರಲ್ಲೇ ಎಲ್ಲ ಇದೆ.

'ಇದು ಇಂಗ್ಲಿಷ್ ಔಷಧ ಅಲ್ಲ, ಗಿಡಮೂಲಿಕೆ' ಅಂತ ಪುಡಿ ಕಟ್ಟಿ ಕೊಡುವವರೂ ಬರುತ್ತಾರೆ. ಕಪ್ಪತಗುಡ್ಡದ ಸೀಮೆಯವರಾದ ನಮಗೆ ಗಿಡಮೂಲಿಕೆ ಮೇಲೆ ನಂಬಿಕೆ ಸಹಜ. ಆದರೆ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿದೆ. ಒಂದೇ ದಿನಕ್ಕೆ ಹತ್ತು ವರ್ಷದ ನೋವು ಮಾಯ ಆದರೆ ಅನುಮಾನ ಪಡಿ. ಗಿಡದಿಂದ ಬಂದರೆ ಸ್ಟಿರಾಯ್ಡ್ ಅಲ್ಲ ಎಂದೂ ಇಲ್ಲ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬುವರು ಮೆಕ್ಸಿಕೊ ದೇಶದ ಒಂದು ಕಾಡುಗೆಣಸಿನಿಂದಲೇ ಪ್ರೊಜೆಸ್ಟರಾನ್ ತಯಾರಿಸಿದರು. ಅದು ಎಲ್ಲಿಂದ ಬಂತು ಎಂದು ಗ್ರಾಹಿ ಕೇಳುವುದಿಲ್ಲ.

ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇದೇ ಕಥೆ. ಬೆಳ್ಳಗಾಗಲಿ ಅಂತ ಮದುವೆಗೆ ಮೊದಲು ಹುಡುಗಿಯರು ತಿಂಗಳುಗಟ್ಟಲೆ ಹಚ್ಚುತ್ತಾರೆ. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಇದ್ದ ಕ್ರೀಮು ಮೊದಲು ಬೆಳ್ಳಗೆ ಮಾಡಿದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಗಾಗುತ್ತದೆ, ಮೊಡವೆ ಏಳುತ್ತವೆ, ಕೂದಲು ಬರುತ್ತದೆ. ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರಕಾರ ಇಂಥ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು. ನಿಯಮ ಇದೆ, ಅಂಗಡಿಯಲ್ಲಿ ಸಿಗುವುದೂ ಇದೆ.

ಹೀಗೆ ಮಾಡಿರಿ

ಗುಳಿಗೆಯನ್ನು ಬಿಡಿಯಾಗಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಪಟ್ಟಿ ಸಮೇತ ಕೇಳಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿಯಿಂದಲೇ ಕೊಡಬೇಕಾದ ಔಷಧ. ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಸಾಲಿಗೆ ಹೋಗುವ ಮಗಳಿಂದ ಓದಿಸಿ, ಕನ್ನಡದಲ್ಲಿ ನಿಮ್ಮ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೋಲೋನ್, ಹೈಡ್ರೊಕಾರ್ಟಿಸೋನ್. ಹೆಸರಿನ ಕೊನೆಗೆ 'ಸೋನ್' ಅಥವಾ 'ಲೋನ್' ಬಂದರೆ ಸ್ಟಿರಾಯ್ಡ್ ಇರಬಹುದು, ಕೇಳಿ ನೋಡಿ.

ಈಗಾಗಲೇ ಬಹಳ ದಿನದಿಂದ ನುಂಗುತ್ತಿದ್ದರೆ ಆ ಪಟ್ಟಿಯನ್ನೂ, ನಿಮ್ಮ ನೋಟುಬುಕ್ಕನ್ನೂ ಹಿಡಿದುಕೊಂಡು ಹತ್ತಿರದ ಸರಕಾರಿ ದವಾಖಾನೆಗೆ ಹೋಗಿ. ಅಲ್ಲಿ ಆಗದಿದ್ದರೆ ಗದಗಿನ ಜಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಯಾವುದಕ್ಕೆ ಅಂತ ಹೇಳಿ. ಶುಗರ್, ಬಿ.ಪಿ. ಪರೀಕ್ಷೆ ಮಾಡಿಸಿರಿ. ಬೇರೆ ಕಾಯಿಲೆಗೆ ಹೋದಾಗಲೂ, ಆಪರೇಷನ್‌ಗೆ ಹೋದಾಗಲೂ ಮೊದಲೇ ಹೇಳಿ, ಯಾಕೆಂದರೆ ನಿದ್ದೆಗೆ ಹೋದ ಗ್ರಂಥಿ ಏಳಲು ತಿಂಗಳುಗಳೇ ಬೇಕಾಗಬಹುದು.